ನಕಲಿ ಸರಕಿನ ವಿರುದ್ಧ ಅಂತರರಾಷ್ಟ್ರೀಯ ಸಹಕಾರ

ಒಂದು ದೇಶದಲ್ಲಿ ತಯಾರಾಗಿ ಇನ್ನೊಂದು ದೇಶದ ಮಾರುಕಟ್ಟೆಗೆ ಹೋಗುವ ನಕಲಿ ಸರಕನ್ನು ತಡೆಯಲು ವಿವಿಧ ರಾಷ್ಟ್ರಗಳ ಕಸ್ಟಮ್ಸ್, ಪೊಲೀಸ್, ನ್ಯಾಯಾಂಗ ಮತ್ತು ಬೌದ್ಧಿಕ ಆಸ್ತಿ ಕಚೇರಿಗಳು ಒಪ್ಪಂದ, ಮಾಹಿತಿ ವಿನಿಮಯ ಹಾಗೂ ಜಂಟಿ ಕಾರ್ಯಾಚರಣೆಗಳ ಮೂಲಕ ಕೈಗೊಳ್ಳುವ ಕ್ರಮಗಳ ಒಟ್ಟು ವ್ಯವಸ್ಥೆಯೇ ಬೌದ್ಧಿಕ ಆಸ್ತಿ ಜಾರಿಯ ಅಂತರರಾಷ್ಟ್ರೀಯ ಸಹಕಾರ. ಟ್ರೇಡ್‌ಮಾರ್ಕ್, ಪೇಟೆಂಟ್, ಹಕ್ಕುಸ್ವಾಮ್ಯ ಮೊದಲಾದ ಹಕ್ಕುಗಳು ಅವನ್ನು ಮಾನ್ಯ ಮಾಡಿದ ದೇಶದ ಗಡಿಯೊಳಗೆ ಮಾತ್ರ ಊರ್ಜಿತ. ಸರಕಿಗೆ ಅಂಥ ಕಟ್ಟಿಲ್ಲ. ಬೂಟು ಒಂದು ದೇಶದಲ್ಲಿ, ಅದರ ಲೇಬಲ್ಲು ಇನ್ನೊಂದು ದೇಶದಲ್ಲಿ ತಯಾರಾಗಿ, ಮೂರನೆಯ ದೇಶದ ಮುಕ್ತ ವ್ಯಾಪಾರ ವಲಯದಲ್ಲಿ ಎರಡೂ ಕೂಡಿ, ನಾಲ್ಕನೆಯ ದೇಶದಲ್ಲಿ ಮಾರಾಟವಾಗುವುದುಂಟು. ಇವುಗಳಲ್ಲಿ ಯಾವೊಂದು ದೇಶದ ಕಾನೂನೂ ಇಡೀ ಸರಪಳಿಯನ್ನು ಮುಟ್ಟಲಾರದು. ಸಹಕಾರದ ಅಗತ್ಯ ಹುಟ್ಟುವುದು ಇಲ್ಲಿ.

ಪರಿಭಾಷೆ

ಆಡುಮಾತಿನಲ್ಲಿ ‘ನಕಲಿ’, ‘ಡೂಪ್ಲಿಕೇಟ್’ ಎಂದು ಕರೆಯುವ ವಸ್ತುಗಳೆಲ್ಲ ಕಾನೂನಿನ ದೃಷ್ಟಿಯಲ್ಲಿ ಒಂದೇ ಬಗೆಯವಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಆಸ್ತಿ ಒಪ್ಪಂದವಾದ ಟ್ರಿಪ್ಸ್‌ನ 51ನೆಯ ವಿಧಿಗೆ ಸೇರಿದ 14ನೆಯ ಅಡಿಟಿಪ್ಪಣಿ ಎರಡು ವರ್ಗಗಳನ್ನು ವ್ಯಾಖ್ಯಾನಿಸುತ್ತದೆ. ನೋಂದಾಯಿತ ಟ್ರೇಡ್‌ಮಾರ್ಕನ್ನೇ ಅಥವಾ ಮುಖ್ಯ ಅಂಶಗಳಲ್ಲಿ ಅದರಿಂದ ಬೇರೆಯೆಂದು ಗುರುತಿಸಲಾಗದ ಚಿಹ್ನೆಯನ್ನು ಅನುಮತಿಯಿಲ್ಲದೆ ಹೊತ್ತಿರುವುದು ‘ನಕಲಿ ಟ್ರೇಡ್‌ಮಾರ್ಕ್ ಸರಕು’. ಹಕ್ಕುದಾರನ ಒಪ್ಪಿಗೆಯಿಲ್ಲದೆ ಕೃತಿಯಿಂದ ನೇರವಾಗಿ ಅಥವಾ ಪರೋಕ್ಷವಾಗಿ ಮಾಡಿದ ಪ್ರತಿ ‘ಪೈರಸಿ ಸರಕು’. ಮೂಲ ಹೆಸರನ್ನು ಹೋಲುವ, ಗಿರಾಕಿಯಲ್ಲಿ ಗೊಂದಲ ಹುಟ್ಟಿಸುವ ಬೇರೆ ಹೆಸರಿನ ಸರಕು ಟ್ರೇಡ್‌ಮಾರ್ಕ್ ಉಲ್ಲಂಘನೆ ಆಗಬಹುದೇ ಹೊರತು ಈ ಕಿರಿದಾದ ಅರ್ಥದಲ್ಲಿ ನಕಲಿ ಅಲ್ಲ.

ಇನ್ನೆರಡು ವರ್ಗಗಳನ್ನು ಇವುಗಳಿಂದ ಬೇರೆಯಾಗಿಯೇ ಇಡಬೇಕು. ಹಕ್ಕುದಾರನೇ ಒಂದು ದೇಶದಲ್ಲಿ ಮಾರಿದ ಅಸಲಿ ಸರಕನ್ನು ಬೇರೊಬ್ಬ ವ್ಯಾಪಾರಿ ಇನ್ನೊಂದು ದೇಶಕ್ಕೆ ತರಿಸಿಕೊಳ್ಳುವುದು ಸಮಾನಾಂತರ ಆಮದು; ಇದನ್ನು ಗಡಿಯಲ್ಲಿ ತಡೆಯಬೇಕೆಂದು ಟ್ರಿಪ್ಸ್ ಹೇಳುವುದಿಲ್ಲ. ಪೇಟೆಂಟ್ ಉಲ್ಲಂಘನೆಯೂ ಮೇಲಿನ ವ್ಯಾಖ್ಯಾನದೊಳಗೆ ಬರುವುದಿಲ್ಲ. ಔಷಧಿಗಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ‘ನಕಲಿ’ ಎಂಬ ಪದವನ್ನೇ 2017ರಲ್ಲಿ ಕೈಬಿಟ್ಟು, ‘ಕಳಪೆ ಗುಣಮಟ್ಟದ ಮತ್ತು ಸುಳ್ಳು ಗುರುತಿನ ವೈದ್ಯಕೀಯ ಉತ್ಪನ್ನ’ ಎಂಬ ಪ್ರಯೋಗವನ್ನು ಅಂಗೀಕರಿಸಿತು. ಮದ್ದಿನಿಂದ ರೋಗಿಗೆ ಆಗುವ ಅಪಾಯ ಒಂದು ಪ್ರಶ್ನೆ, ಟ್ರೇಡ್‌ಮಾರ್ಕ್ ಒಡೆಯನಿಗೆ ಆಗುವ ನಷ್ಟ ಇನ್ನೊಂದು ಪ್ರಶ್ನೆ ಎಂಬುದು ಈ ಬದಲಾವಣೆಯ ಹಿಂದಿನ ಕಾರಣ. ಎರಡನ್ನೂ ಬೆರೆಸಿದ್ದರಿಂದ ಉಂಟಾದ ವಿವಾದವನ್ನು ಮುಂದೆ ವಿವರಿಸಿದೆ.

ಉಗಮ

1883ರ ಮಾರ್ಚ್ 20ರಂದು ಸಹಿಯಾದ ಪ್ಯಾರಿಸ್ ಒಪ್ಪಂದ ಈ ಸಹಕಾರದ ಮೊದಲ ಮೆಟ್ಟಿಲು. ಟ್ರೇಡ್‌ಮಾರ್ಕನ್ನು ಅಕ್ರಮವಾಗಿ ಹೊತ್ತ ಸರಕನ್ನು ಆಮದಿನ ಸಮಯದಲ್ಲಿ ಜಪ್ತಿ ಮಾಡುವ ವಿಷಯ ಅದರ 9ನೆಯ ವಿಧಿಯಲ್ಲಿದೆ. ಸರಕಿನ ಮೂಲಸ್ಥಳವನ್ನು ಸುಳ್ಳಾಗಿ ನಮೂದಿಸುವುದಕ್ಕೂ 10ನೆಯ ವಿಧಿ ಅದನ್ನೇ ಅನ್ವಯಿಸುತ್ತದೆ. 1886ರ ಬರ್ನ್ ಒಪ್ಪಂದ ಗ್ರಂಥಗಳ ಕಳ್ಳಪ್ರತಿಗಳ ಜಪ್ತಿಗೂ, 1891ರ ಮ್ಯಾಡ್ರಿಡ್ ಒಪ್ಪಂದಗಳಲ್ಲಿ ಒಂದು ಮೂಲಸ್ಥಳದ ಸುಳ್ಳು ನಮೂದಿನ ಜಪ್ತಿಗೂ ಅವಕಾಶ ಕೊಟ್ಟವು. ಇವೆಲ್ಲ ಕಾಗದದ ಮೇಲೆ ಗಟ್ಟಿಯಾಗಿದ್ದರೂ ಆಚರಣೆಯಲ್ಲಿ ಸಡಿಲ. ಜಪ್ತಿಗೆ ದೇಶೀಯ ಕಾನೂನಿನಲ್ಲಿ ಅವಕಾಶವಿಲ್ಲದಿದ್ದರೆ ಆ ದೇಶದಲ್ಲಿರುವ ಬೇರೆ ಪರಿಹಾರಗಳೇ ಸಾಕು ಎಂದು ಪ್ಯಾರಿಸ್ ಒಪ್ಪಂದವೇ ಬಾಗಿಲು ತೆರೆದಿಟ್ಟಿತ್ತು. ಭಾರತ ಈ ಒಪ್ಪಂದಕ್ಕೆ ಸೇರಿದ್ದು 1998ರ ಡಿಸೆಂಬರ್ 7ರಂದು.

1970ರ ದಶಕದಲ್ಲಿ ಜೀನ್ಸ್, ಕೈಗಡಿಯಾರ, ಚರ್ಮದ ಚೀಲಗಳ ನಕಲು ಏಷ್ಯಾದಿಂದ ಪಶ್ಚಿಮದ ಮಾರುಕಟ್ಟೆಗಳಿಗೆ ದೊಡ್ಡ ಪ್ರಮಾಣದಲ್ಲಿ ಹರಿಯತೊಡಗಿತು. ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದದ (ಗ್ಯಾಟ್) ಟೋಕಿಯೊ ಸುತ್ತಿನ ಮಾತುಕತೆಯ ಕೊನೆಗೆ, 1979ರಲ್ಲಿ, ಅಮೆರಿಕ ಮತ್ತು ಯುರೋಪಿಯನ್ ಸಮುದಾಯ ನಕಲಿ ಸರಕಿನ ಆಮದು ತಡೆಯುವ ಕರಡು ನಿಯಮಾವಳಿಯೊಂದನ್ನು ಮುಂದಿಟ್ಟವು. ಅದು ಅಂಗೀಕಾರವಾಗಲಿಲ್ಲ. 1986ರಲ್ಲಿ ಉರುಗ್ವೆಯ ಪುಂಟಾ ಡೆಲ್ ಎಸ್ಟೆಯಲ್ಲಿ ಆರಂಭವಾದ ಹೊಸ ಸುತ್ತಿನ ಘೋಷಣೆಯಲ್ಲಿ ‘ನಕಲಿ ಸರಕಿನ ವ್ಯಾಪಾರ’ ಎಂಬ ಮಾತು ಸೇರಿತು. ಬೌದ್ಧಿಕ ಆಸ್ತಿಯ ಚರ್ಚೆಗೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯೇ (ವೈಪೊ) ಸರಿಯಾದ ವೇದಿಕೆ, ವ್ಯಾಪಾರ ಮಾತುಕತೆಯಲ್ಲ ಎಂದು ಭಾರತ ಮತ್ತು ಬ್ರೆಜಿಲ್ ಮೊದಮೊದಲು ವಾದಿಸಿದವು. 1989ರಲ್ಲಿ ಆ ಪಟ್ಟು ಸಡಿಲವಾಯಿತು. ಬಟ್ಟೆ, ಚೀಲಗಳ ನಕಲಿನಿಂದ ಆರಂಭವಾದ ಮಾತುಕತೆ ಮುಗಿಯುವ ವೇಳೆಗೆ ಪೇಟೆಂಟಿನವರೆಗೆ ವಿಸ್ತರಿಸಿ, 1994ರಲ್ಲಿ ಮರಕೇಶಿನಲ್ಲಿ ಟ್ರಿಪ್ಸ್ ಒಪ್ಪಂದವಾಗಿ ಹೊರಬಂದಿತು. ಅದು 1995ರ ಜನವರಿ 1ರಿಂದ ಜಾರಿಯಲ್ಲಿದೆ.

ಟ್ರಿಪ್ಸ್ ಒಪ್ಪಂದದ ರಚನೆ

ಒಪ್ಪಂದದ ಮೂರನೆಯ ಭಾಗ, ಅಂದರೆ 41ರಿಂದ 61ರವರೆಗಿನ ವಿಧಿಗಳು, ಜಾರಿಗೆ ಸಂಬಂಧಿಸಿದವು. ಸಿವಿಲ್ ಪರಿಹಾರ, ತಾತ್ಕಾಲಿಕ ಆದೇಶ, ಗಡಿ ಕ್ರಮ, ಕ್ರಿಮಿನಲ್ ಶಿಕ್ಷೆ ಎಂಬ ನಾಲ್ಕು ಅಂಗಗಳು ಅದರಲ್ಲಿವೆ. ಬೌದ್ಧಿಕ ಆಸ್ತಿಗೆಂದು ಪ್ರತ್ಯೇಕ ನ್ಯಾಯಾಂಗ ಕಟ್ಟುವ ಹೊಣೆ ಯಾವ ಸದಸ್ಯ ದೇಶಕ್ಕೂ ಇಲ್ಲ ಎನ್ನುವ 41.5ನೆಯ ಉಪವಿಧಿ ಭಾರತದ ಪ್ರಸ್ತಾವದಿಂದ ಬಂದದ್ದು.

ಗಡಿ ಕ್ರಮದ ನಡಾವಳಿ 51ರಿಂದ 60ರವರೆಗಿನ ವಿಧಿಗಳಲ್ಲಿದೆ. ನಕಲಿ ಸರಕು ಬರುತ್ತಿದೆಯೆಂದು ಶಂಕಿಸಲು ಆಧಾರವಿರುವ ಹಕ್ಕುದಾರ ಲಿಖಿತ ಅರ್ಜಿ ಕೊಡುತ್ತಾನೆ. ಆಮದುದಾರನಿಗೆ ಅನ್ಯಾಯವಾಗದಂತೆ ಹಕ್ಕುದಾರನಿಂದ ಠೇವಣಿ ಅಥವಾ ಜಾಮೀನು ಪಡೆಯಬಹುದು. ಕಸ್ಟಮ್ಸ್ ಸರಕಿನ ಬಿಡುಗಡೆಯನ್ನು ತಡೆಹಿಡಿದು ಎರಡೂ ಕಡೆಯವರಿಗೆ ತಿಳಿಸುತ್ತದೆ. 10 ಕೆಲಸದ ದಿನಗಳೊಳಗೆ ಹಕ್ಕುದಾರ ಮೊಕದ್ದಮೆ ಹೂಡದಿದ್ದರೆ ಸರಕನ್ನು ಬಿಟ್ಟುಕೊಡಬೇಕು. ಸೂಕ್ತ ಕಾರಣವಿದ್ದರೆ ಇನ್ನೂ 10 ಕೆಲಸದ ದಿನಗಳ ಅವಕಾಶವುಂಟು. ನಕಲಿ ಎಂದು ತೀರ್ಮಾನವಾದ ಸರಕನ್ನು ನಾಶಪಡಿಸಬೇಕು, ಇಲ್ಲವೇ ವಾಣಿಜ್ಯದ ಹಾದಿಯಿಂದ ಹೊರಗೆ ವಿಲೇವಾರಿ ಮಾಡಬೇಕು. ವಿಶೇಷ ಸಂದರ್ಭಗಳ ಹೊರತು, ಅದನ್ನು ಇದ್ದ ಹಾಗೆಯೇ ಮರುರಫ್ತು ಮಾಡಲು ಬಿಡುವಂತಿಲ್ಲ. ಈ ಕೊನೆಯ ನಿಯಮಕ್ಕೆ ಕಾರಣವಿದೆ: ಒಂದು ಬಂದರಿನಿಂದ ಹಿಂದಕ್ಕೆ ಕಳಿಸಿದ ಕಂಟೇನರು ಮತ್ತೊಂದು ಬಂದರಿನಲ್ಲಿ ಇಳಿಯುವುದು ಕಷ್ಟವೇನಲ್ಲ.

ಇವೆಲ್ಲ ಕಡ್ಡಾಯವಾಗಿರುವುದು ಆಮದಿಗೆ, ಅದರಲ್ಲೂ ಟ್ರೇಡ್‌ಮಾರ್ಕ್ ನಕಲು ಮತ್ತು ಹಕ್ಕುಸ್ವಾಮ್ಯ ಪೈರಸಿಗೆ ಮಾತ್ರ. ರಫ್ತನ್ನು ತಡೆಯುವುದು, ಬೇರೆ ದೇಶಕ್ಕೆ ಹೋಗುವ ಹಾದಿಯಲ್ಲಿ ಇಳಿದ ಸರಕನ್ನು ಹಿಡಿಯುವುದು, ಪೇಟೆಂಟಿಗೂ ಗಡಿ ಕ್ರಮ ಅನ್ವಯಿಸುವುದು ಆಯಾ ದೇಶದ ಇಚ್ಛೆಗೆ ಬಿಟ್ಟ ವಿಷಯ. 60ನೆಯ ವಿಧಿ ಪ್ರಯಾಣಿಕರ ಸ್ವಂತ ಸಾಮಾನನ್ನೂ ಸಣ್ಣ ಪಾರ್ಸೆಲನ್ನೂ ಹೊರಗಿಡಲು ಅನುಮತಿಸುತ್ತದೆ. 1994ರಲ್ಲಿ ಇದು ಯಾರ ಕಣ್ಣಿಗೂ ದೊಡ್ಡ ಕಂಡಿಯಾಗಿ ತೋರಿರಲಿಲ್ಲ. 61ನೆಯ ವಿಧಿ ‘ವಾಣಿಜ್ಯ ಪ್ರಮಾಣದ’ ಉದ್ದೇಶಪೂರ್ವಕ ನಕಲಿಗೆ ಕ್ರಿಮಿನಲ್ ಶಿಕ್ಷೆ ಇರಬೇಕೆನ್ನುತ್ತದೆ. ದೇಶ ದೇಶಗಳ ನಡುವಣ ಸಹಕಾರಕ್ಕೆ ಮೀಸಲಾದದ್ದು 69ನೆಯ ವಿಧಿಯೊಂದೇ: ಪ್ರತಿ ದೇಶವೂ ಸಂಪರ್ಕ ಕೇಂದ್ರವೊಂದನ್ನು ಗುರುತಿಸಿ, ಕಸ್ಟಮ್ಸ್‌ಗಳ ನಡುವೆ ಮಾಹಿತಿ ವಿನಿಮಯಕ್ಕೆ ಉತ್ತೇಜನ ಕೊಡಬೇಕು.

ಈ ವಿಧಿಗಳ ಅರ್ಥ ಪರೀಕ್ಷೆಗೆ ಬಂದದ್ದು ಚೀನಾದ ಮೇಲೆ ಅಮೆರಿಕ ಹೂಡಿದ ವಿವಾದದಲ್ಲಿ. 2009ರ ಜನವರಿಯಲ್ಲಿ ಹೊರಬಂದ ತೀರ್ಪು ಎರಡೂ ಕಡೆಗೆ ಹಂಚಿಹೋಯಿತು. ಕ್ರಿಮಿನಲ್ ಮೊಕದ್ದಮೆಗೆ ಚೀನಾ ಇಟ್ಟಿದ್ದ ಕನಿಷ್ಠ ಮಿತಿ ‘ವಾಣಿಜ್ಯ ಪ್ರಮಾಣ’ಕ್ಕೆ ಹೊಂದುವುದಿಲ್ಲವೆಂದು ಅಮೆರಿಕ ಸಾಬೀತುಪಡಿಸಲಾಗಲಿಲ್ಲ. ಆದರೆ ಜಪ್ತಿಯಾದ ಸರಕಿನಿಂದ ಟ್ರೇಡ್‌ಮಾರ್ಕನ್ನು ಕಿತ್ತುಹಾಕಿ ಹರಾಜು ಹಾಕುವ ಚೀನೀ ಕಸ್ಟಮ್ಸ್‌ನ ಪದ್ಧತಿ ಒಪ್ಪಂದಕ್ಕೆ ವಿರುದ್ಧ ಎಂದು ತೀರ್ಮಾನವಾಯಿತು.

ಸಂಸ್ಥೆಗಳು

ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ 1952ರಲ್ಲಿ ಕಸ್ಟಮ್ಸ್ ಸಹಕಾರ ಮಂಡಳಿಯಾಗಿ ಆರಂಭವಾಯಿತು. ಈಗಿನ ಹೆಸರು ಬಂದದ್ದು 1994ರಲ್ಲಿ. ತಪಾಸಣೆಯ ಕಟ್ಟೆಯಲ್ಲಿ ನಿಂತ ಅಧಿಕಾರಿಗೆ ಅಸಲಿ ಸರಕಿನ ಹೊಲಿಗೆ, ಪೊಟ್ಟಣ, ಸಾಗಣೆಯ ಹಾದಿ ಕುರಿತು ಹಕ್ಕುದಾರರೇ ತುಂಬಿದ ವಿವರಗಳು ಸಿಗುವಂತೆ ಅದು 2010ರಿಂದ ಐಪಿಎಂ ಎಂಬ ದತ್ತಾಂಶ ಜಾಲ ನಡೆಸುತ್ತಿದೆ. ಗಡಿ ಕ್ರಮಗಳನ್ನು ಟ್ರಿಪ್ಸ್‌ಗಿಂತ ಬಿಗಿಗೊಳಿಸುವ ‘ಸೆಕ್ಯೂರ್’ ಎಂಬ ಮಾನದಂಡಗಳನ್ನು ಇದೇ ಸಂಸ್ಥೆ 2007ರಲ್ಲಿ ಸಿದ್ಧಪಡಿಸಿತ್ತಾದರೂ ಅಭಿವೃದ್ಧಿಶೀಲ ರಾಷ್ಟ್ರಗಳ ವಿರೋಧದಿಂದ ಅವು ಮುಂದೆ ಸಾಗಲಿಲ್ಲ.

ಲಿಯೊನ್‌ನಲ್ಲಿರುವ ಇಂಟರ್‌ಪೋಲ್ ಪೊಲೀಸ್ ಮಾಹಿತಿಯ ವಿನಿಮಯ ಕೇಂದ್ರ. ಅಂತರ್ಜಾಲದ ಮೂಲಕ ಅಕ್ರಮ ಔಷಧಿ ಮಾರುವವರ ವಿರುದ್ಧ 2008ರಿಂದ ಅದು ಸಂಘಟಿಸುತ್ತಿರುವ ‘ಪ್ಯಾಂಜಿಯಾ’ ಕಾರ್ಯಾಚರಣೆಯಲ್ಲಿ ಪೊಲೀಸ್, ಕಸ್ಟಮ್ಸ್, ಔಷಧ ನಿಯಂತ್ರಕರು ಏಕಕಾಲಕ್ಕೆ ಕೆಲಸ ಮಾಡುತ್ತಾರೆ. 2025ರಲ್ಲಿ ಫಲಿತಾಂಶ ಪ್ರಕಟವಾದ ಸುತ್ತಿನಲ್ಲಿ 90 ದೇಶಗಳು ಪಾಲ್ಗೊಂಡಿದ್ದವು. ಆಹಾರ ಮತ್ತು ಪಾನೀಯದ ನಕಲಿಗೆ ಇಂಟರ್‌ಪೋಲ್ ಹಾಗೂ ಯುರೋಪೋಲ್ ಜಂಟಿಯಾಗಿ 2011ರಲ್ಲಿ ‘ಆಪ್ಸನ್’ ಆರಂಭಿಸಿದವು. ಯುರೋಪೋಲ್ 2016ರಲ್ಲಿ ಬೌದ್ಧಿಕ ಆಸ್ತಿ ಅಪರಾಧಕ್ಕೆಂದೇ ಪ್ರತ್ಯೇಕ ಸಮನ್ವಯ ಘಟಕ ತೆರೆಯಿತು. ಸ್ಪೇನಿನ ಅಲಿಕಾಂಟೆಯಲ್ಲಿರುವ ಯುರೋಪಿಯನ್ ಒಕ್ಕೂಟದ ಬೌದ್ಧಿಕ ಆಸ್ತಿ ಕಚೇರಿ 2012ರಿಂದ ಉಲ್ಲಂಘನೆಗಳ ವೀಕ್ಷಣಾಲಯವನ್ನೂ ನಡೆಸುತ್ತಿದೆ. ಜಿನೀವಾದ ವೈಪೊ ಸಂಸ್ಥೆಯ ಜಾರಿ ಸಲಹಾ ಸಮಿತಿ ತರಬೇತಿ ಮತ್ತು ಅನುಭವ ವಿನಿಮಯಕ್ಕೆ ಸೀಮಿತ. ನಿಯಮ ರೂಪಿಸುವ ಅಧಿಕಾರ ಅದಕ್ಕಿಲ್ಲ.

ಸಹಕಾರದ ಬಗೆಗಳು

ಹೆಚ್ಚು ಬಳಕೆಯಲ್ಲಿರುವುದು ಕಸ್ಟಮ್ಸ್‌ಗಳ ನಡುವಣ ಮಾಹಿತಿ ವಿನಿಮಯ. ದಿನಕ್ಕೆ ಸಾವಿರಾರು ಕಂಟೇನರುಗಳು ಬಂದಿಳಿಯುವ ಬಂದರಿನಲ್ಲಿ ಎಲ್ಲವನ್ನೂ ತೆರೆದು ನೋಡುವುದು ಅಸಾಧ್ಯವಾದ್ದರಿಂದ ಕಳುಹಿಸಿದವನ ಹೆಸರು, ಬಂದ ಹಾದಿ, ಘೋಷಿತ ಬೆಲೆ, ತೂಕ ಇವುಗಳ ಹೊಂದಾಣಿಕೆ ನೋಡಿ ಅನುಮಾನಾಸ್ಪದವಾದದ್ದನ್ನು ಆರಿಸುತ್ತಾರೆ. ಹೊರಟ ದೇಶದ ದಾಖಲೆ ಸಿಕ್ಕರೆ ಈ ಆಯ್ಕೆ ನಿಖರವಾಗುತ್ತದೆ. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿಯೂ ವಿಶ್ವ ಕಸ್ಟಮ್ಸ್ ಸಂಸ್ಥೆಯೂ ಕೂಡಿ ಆರಂಭಿಸಿದ ಕಂಟೇನರ್ ನಿಯಂತ್ರಣ ಕಾರ್ಯಕ್ರಮ ಬಂದರುಗಳಲ್ಲಿ ಇಂಥ ತಂಡಗಳನ್ನು ಕಟ್ಟಿದೆ. ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸೌಲಭ್ಯ ಒಪ್ಪಂದದ (2017) 12ನೆಯ ವಿಧಿ ಹಾಗೂ ಢಾಕಾದಲ್ಲಿ 2005ರಲ್ಲಿ ಸಹಿಯಾದ ಸಾರ್ಕ್ ಕಸ್ಟಮ್ಸ್ ನೆರವು ಒಪ್ಪಂದ ಇದೇ ಬಗೆಯವು.

ಜಂಟಿ ಪೊಲೀಸ್ ತನಿಖೆ ಅಪರೂಪ, ಆದರೆ ಸಫಲವಾದಾಗ ಕಾರ್ಖಾನೆಯವರೆಗೆ ತಲುಪುವುದು ಅದೊಂದೇ. ಅಮೆರಿಕದ ಎಫ್‌ಬಿಐ ಮತ್ತು ಚೀನಾದ ಸಾರ್ವಜನಿಕ ಸುರಕ್ಷತಾ ಸಚಿವಾಲಯ 2007ರಲ್ಲಿ ನಡೆಸಿದ ‘ಸಮರ್ ಸಾಲ್‌ಸ್ಟಿಸ್’ ಕಾರ್ಯಾಚರಣೆ ಮೈಕ್ರೊಸಾಫ್ಟ್, ಸಿಮ್ಯಾಂಟೆಕ್ ತಂತ್ರಾಂಶಗಳ ನಕಲಿ ಡಿಸ್ಕುಗಳ ತಯಾರಿಕೆಯನ್ನು ಬಯಲಿಗೆಳೆದು 25 ಮಂದಿಯ ಬಂಧನಕ್ಕೆ ಕಾರಣವಾಯಿತು. ಚೀನಾದ ಕಸ್ಟಮ್ಸ್ ನಿಯಮಾವಳಿ ಆಮದಿನ ಜೊತೆಗೆ ರಫ್ತನ್ನೂ ತಡೆಯಲು ಅಧಿಕಾರ ಕೊಡುತ್ತದೆ. ಟ್ರಿಪ್ಸ್ ಕೇಳುವುದಕ್ಕಿಂತ ಇದು ಒಂದು ಹೆಜ್ಜೆ ಮುಂದೆ.

ಔಷಧಿಗಳಲ್ಲಿ ಸರಪಳಿ ಎಷ್ಟು ಉದ್ದವಾಗಬಲ್ಲದೆಂಬುದಕ್ಕೆ ಅವಾಸ್ಟಿನ್ ಪ್ರಕರಣ ನಿದರ್ಶನ. ಸಕ್ರಿಯ ಘಟಕವೇ ಇಲ್ಲದ ಈ ಕ್ಯಾನ್ಸರ್ ಮದ್ದಿನ ನಕಲಿ ಸೀಸೆಗಳು ಅಮೆರಿಕದ ಚಿಕಿತ್ಸಾಲಯಗಳನ್ನು ತಲುಪಿವೆಯೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2012ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಹಿಂದಕ್ಕೆ ಜಾಡು ಹಿಡಿದಾಗ ಬ್ರಿಟನ್, ಡೆನ್ಮಾರ್ಕ್, ಸ್ವಿಟ್ಜರ್ಲೆಂಡ್, ಅದರಾಚೆಗೆ ಟರ್ಕಿ ಮತ್ತು ಈಜಿಪ್ಟ್‌ಗಳ ವ್ಯಾಪಾರಿಗಳ ಹೆಸರು ಬಂದವು. ಮಧ್ಯದ ಕೊಂಡಿಗಳಲ್ಲಿ ಹಲವು ಪರವಾನಗಿ ಪಡೆದ ಸಗಟು ವ್ಯಾಪಾರಗಳೇ ಆಗಿದ್ದವು. ಬೌದ್ಧಿಕ ಆಸ್ತಿಯ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಸುಳ್ಳು ಔಷಧಿಯನ್ನು ಸಾರ್ವಜನಿಕ ಆರೋಗ್ಯದ ಅಪರಾಧವೆಂದು ಪರಿಗಣಿಸುವ ಮೆಡಿಕ್ರೈಮ್ ಒಪ್ಪಂದವನ್ನು ಕೌನ್ಸಿಲ್ ಆಫ್ ಯುರೋಪ್ 2011ರಲ್ಲಿ ಸಹಿಗೆ ತೆರೆಯಿತು. ಅದು 2016ರಿಂದ ಜಾರಿಯಲ್ಲಿದೆ.

ಏಕಪಕ್ಷೀಯ ಒತ್ತಡವನ್ನು ಸಹಕಾರವೆಂದು ಕರೆಯುವುದು ಕಷ್ಟವಾದರೂ ಈ ಕ್ಷೇತ್ರದಲ್ಲಿ ಅದರ ಪ್ರಭಾವ ಕಡಿಮೆಯದಲ್ಲ. ಅಮೆರಿಕದ ವ್ಯಾಪಾರ ಪ್ರತಿನಿಧಿ ಕಚೇರಿಯ ವಾರ್ಷಿಕ ‘ಸ್ಪೆಷಲ್ 301’ ವರದಿ ಮತ್ತು ‘ಕುಖ್ಯಾತ ಮಾರುಕಟ್ಟೆಗಳ’ ಪಟ್ಟಿ ಇಂಥವು. ಭಾರತ ಈ ವರದಿಯ ಆದ್ಯತಾ ಕಣ್ಗಾವಲು ಪಟ್ಟಿಯಲ್ಲಿ ಬಹಳ ಕಾಲದಿಂದ ಇದೆ.

ಜೆನೆರಿಕ್ ಔಷಧಿಗಳ ವಿವಾದ

ಸಹಕಾರವನ್ನು ಟ್ರಿಪ್ಸ್‌ನಾಚೆಗೆ ಒಯ್ಯುವ ಯತ್ನಗಳು ಮತ್ತೆ ಮತ್ತೆ ಮುಗ್ಗರಿಸಿದ್ದು ಜೆನೆರಿಕ್ ಔಷಧಿಯ, ಅಂದರೆ ಮೂಲ ಕಂಪನಿಯಲ್ಲದೆ ಬೇರೆಯವರು ತಯಾರಿಸುವ ಅದೇ ಮದ್ದಿನ, ವಿಷಯದಲ್ಲಿ. 2008ರ ಡಿಸೆಂಬರಿನಲ್ಲಿ ಭಾರತದ ಡಾ. ರೆಡ್ಡೀಸ್ ಕಂಪನಿ ಬ್ರೆಜಿಲ್‌ಗೆ ಕಳುಹಿಸಿದ್ದ ರಕ್ತದೊತ್ತಡದ ಮದ್ದು ಲೊಸಾರ್ಟಾನ್, ಸಾಗುವ ಹಾದಿಯಲ್ಲಿ ನೆದರ್ಲೆಂಡ್ಸ್‌ನ ಕಸ್ಟಮ್ಸ್ ಕೈಗೆ ಸಿಕ್ಕಿತು. ಮದ್ದಿಗೆ ಭಾರತದಲ್ಲಾಗಲಿ ಬ್ರೆಜಿಲ್‌ನಲ್ಲಾಗಲಿ ಪೇಟೆಂಟ್ ಇರಲಿಲ್ಲ, ನೆದರ್ಲೆಂಡ್ಸ್‌ನಲ್ಲಿ ಇತ್ತು. ಮದ್ದು ಬ್ರೆಜಿಲ್ ಸೇರದೆ ಭಾರತಕ್ಕೆ ಮರಳಿತು. 2009ರ ಮೇ ತಿಂಗಳಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಇನ್ನೊಂದು ಭಾರತೀಯ ಸರಕು ನಿಂತಿತು. ಪೆಸಿಫಿಕ್‌ನ ವನುವಾಟು ದ್ವೀಪರಾಷ್ಟ್ರಕ್ಕೆ ಹೋಗುತ್ತಿದ್ದ ಅಮಾಕ್ಸಿಸಿಲಿನ್ ಅದು. ‘ಅಮಾಕ್ಸಿಲ್’ ಎಂಬ ಟ್ರೇಡ್‌ಮಾರ್ಕನ್ನು ಹೋಲುತ್ತದೆ ಎಂಬ ಶಂಕೆಯೇ ಕಾರಣ. ಅಮಾಕ್ಸಿಸಿಲಿನ್ ಎಂಬುದು ಮದ್ದಿನ ಅಂತರರಾಷ್ಟ್ರೀಯ ಸಾಮಾನ್ಯ ಹೆಸರು. ಉಲ್ಲಂಘನೆಯೇನೂ ಇಲ್ಲವೆಂದು ಟ್ರೇಡ್‌ಮಾರ್ಕ್ ಒಡೆಯ ಕಂಪನಿಯೇ ತಿಳಿಸಿದ ಬಳಿಕ ಬಿಡುಗಡೆಯಾಯಿತು.

ಭಾರತ ಮತ್ತು ಬ್ರೆಜಿಲ್ 2010ರ ಮೇ ತಿಂಗಳಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಯುರೋಪಿಯನ್ ಒಕ್ಕೂಟದ ವಿರುದ್ಧ ದೂರು ದಾಖಲಿಸಿದವು. ಸಾಗಣೆಯ ಸ್ವಾತಂತ್ರ್ಯ ಕೊಡುವ ಗ್ಯಾಟ್ 5ನೆಯ ವಿಧಿ ಅವುಗಳ ಮುಖ್ಯ ಆಧಾರ. ತೀರ್ಪಿನ ಹಂತ ಬರುವ ಮೊದಲೇ, 2011ರಲ್ಲಿ, ಭಾರತ ಮತ್ತು ಒಕ್ಕೂಟ ಒಂದು ತಿಳಿವಳಿಕೆಗೆ ಬಂದವು: ಸರಕು ಒಕ್ಕೂಟದ ಮಾರುಕಟ್ಟೆಗೆ ತಿರುಗುವ ಸಾಧ್ಯತೆಗೆ ಆಧಾರವಿಲ್ಲದೆ, ಕೇವಲ ಹಾದುಹೋಗುತ್ತಿದೆ ಎಂಬ ಕಾರಣಕ್ಕೆ ಪೇಟೆಂಟ್ ಮುಂದಿಟ್ಟು ತಡೆಯುವಂತಿಲ್ಲ. ಅದೇ ವರ್ಷ ಡಿಸೆಂಬರ್ 1ರಂದು ಯುರೋಪಿಯನ್ ನ್ಯಾಯಾಲಯ ಫಿಲಿಪ್ಸ್ ಮತ್ತು ನೋಕಿಯಾ ಮೊಕದ್ದಮೆಗಳಲ್ಲಿ ಇದೇ ದಿಕ್ಕಿನ ತೀರ್ಪು ಕೊಟ್ಟಿತು. 2013ರಲ್ಲಿ ಹಳೆಯ ನಿಯಮದ ಜಾಗದಲ್ಲಿ 608ನೆಯ ಸಂಖ್ಯೆಯ ಹೊಸ ಗಡಿ ನಿಯಮ ಬಂದಿತು. ಆದರೆ ಟ್ರೇಡ್‌ಮಾರ್ಕ್‌ಗೆ ಸಂಬಂಧಿಸಿ ಒಕ್ಕೂಟ ಮತ್ತೆ ಕಾನೂನು ಬಿಗಿಗೊಳಿಸಿತು. ಹಾದುಹೋಗುವ ನಕಲಿ ಸರಕನ್ನೂ ಈಗ ತಡೆಯಬಹುದು, ಅದು ಹೋಗುವ ದೇಶದಲ್ಲಿ ಅದನ್ನು ತಡೆಯಲು ಟ್ರೇಡ್‌ಮಾರ್ಕ್ ಹಕ್ಕುದಾರನಿಗೆ ಹಕ್ಕಿಲ್ಲವೆಂದು ಸರಕಿನ ಒಡೆಯ ತೋರಿಸಿಕೊಟ್ಟರೆ ಬಿಡಬೇಕು.

ನಕಲಿ ತಡೆಯ ಹೆಸರಿನಲ್ಲಿ ಜೆನೆರಿಕ್ ಮದ್ದಿಗೆ ಅಡ್ಡಿಯಾದೀತೆಂಬ ಭಯ ಬೇರೆಡೆಯೂ ಕೆಲಸ ಮಾಡಿತು. ಕೆನ್ಯಾದ 2008ರ ನಕಲಿ ನಿಷೇಧ ಕಾಯ್ದೆಯ ವ್ಯಾಖ್ಯಾನ ಜೆನೆರಿಕ್ ಮದ್ದನ್ನೂ ಒಳಗೊಳ್ಳುವಷ್ಟು ಸಡಿಲವಾಗಿದೆ ಎಂದು ಎಚ್‌ಐವಿ ಸೋಂಕಿತರು ಸಲ್ಲಿಸಿದ ಅರ್ಜಿಯನ್ನು ಅಲ್ಲಿನ ಹೈಕೋರ್ಟ್ 2012ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು. ನಕಲಿ ವಿರೋಧಿ ವ್ಯಾಪಾರ ಒಪ್ಪಂದ (ಆಕ್ಟಾ) 2011ರ ಅಕ್ಟೋಬರ್ 1ರಂದು ಟೋಕಿಯೊದಲ್ಲಿ ಸಹಿಯಾಯಿತಾದರೂ, ಗುಟ್ಟಾಗಿ ನಡೆದ ಮಾತುಕತೆ, ಅಂತರ್ಜಾಲ ಸ್ವಾತಂತ್ರ್ಯ ಮತ್ತು ಔಷಧಿ ಲಭ್ಯತೆಯ ಆತಂಕಗಳಿಂದ ಯುರೋಪಿನ ಬೀದಿಗಳಲ್ಲಿ ಪ್ರತಿಭಟನೆ ಎದುರಿಸಿತು. 2012ರ ಜುಲೈ 4ರಂದು ಯುರೋಪಿಯನ್ ಸಂಸತ್ತು 39ಕ್ಕೆ ಎದುರಾಗಿ 478 ಮತಗಳಿಂದ ಅದನ್ನು ತಿರಸ್ಕರಿಸಿತು. ಅದನ್ನು ಅನುಮೋದಿಸಿದ ದೇಶ ಜಪಾನ್ ಒಂದೇ. ಭಾರತ ಮತ್ತು ಚೀನಾ ಆ ಮಾತುಕತೆಯಲ್ಲೇ ಇರಲಿಲ್ಲ. ನಕಲಿ ಸರಕಿನ ದೊಡ್ಡ ಮೂಲವೆನಿಸಿದ ಚೀನಾವನ್ನು ಹೊರಗಿಟ್ಟು ರೂಪಿಸಿದ ಒಪ್ಪಂದ ಜಾರಿಯಾಗಿದ್ದರೂ ಎಷ್ಟು ಫಲ ಕೊಡುತ್ತಿತ್ತೆಂಬುದು ಸಂದೇಹ.

ಭಾರತದಲ್ಲಿ

1962ರ ಕಸ್ಟಮ್ಸ್ ಕಾಯ್ದೆಯ 11ನೆಯ ಸೆಕ್ಷನ್ ಬೌದ್ಧಿಕ ಆಸ್ತಿ ರಕ್ಷಣೆಗಾಗಿ ಆಮದು ನಿಷೇಧಿಸಲು ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ. ಇದರಡಿ 2007ರ ಮೇ 8ರಂದು ಆಮದು ಸರಕುಗಳ ಬೌದ್ಧಿಕ ಆಸ್ತಿ ಹಕ್ಕು ಜಾರಿ ನಿಯಮಗಳು ಪ್ರಕಟವಾದವು. ಹಕ್ಕುದಾರ ತನ್ನ ಹಕ್ಕನ್ನು ಕಸ್ಟಮ್ಸ್‌ನಲ್ಲಿ ದಾಖಲಿಸಿ, ಬಾಂಡ್ ಮತ್ತು ಭದ್ರತೆ ಒದಗಿಸಬೇಕು. ಉಳಿದ ನಡಾವಳಿ ಬಹುಮಟ್ಟಿಗೆ ಟ್ರಿಪ್ಸ್‌ನದೇ. ಟ್ರಿಪ್ಸ್ ಕೇಳದಿದ್ದರೂ ಈ ನಿಯಮಗಳು ಪೇಟೆಂಟ್, ವಿನ್ಯಾಸ, ಭೌಗೋಳಿಕ ಸೂಚಿಗಳನ್ನು ಸೇರಿಸಿಕೊಂಡಿದ್ದವು. ಪೇಟೆಂಟ್ ಉಲ್ಲಂಘನೆಯನ್ನು ತಪಾಸಣೆಯ ಕಟ್ಟೆಯಲ್ಲಿ ನಿಂತು ನಿರ್ಧರಿಸುವುದು ಕಸ್ಟಮ್ಸ್ ಅಧಿಕಾರಿಗೆ ಸಾಧ್ಯವಾಗುವ ಕೆಲಸವಲ್ಲ. 2018ರ ಜೂನ್ ತಿದ್ದುಪಡಿ ಪೇಟೆಂಟನ್ನು ಕೈಬಿಟ್ಟಿತು.

1999ರ ಟ್ರೇಡ್‌ಮಾರ್ಕ್ ಕಾಯ್ದೆ ಸುಳ್ಳು ಟ್ರೇಡ್‌ಮಾರ್ಕ್ ಬಳಕೆಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ವಿಧಿಸುತ್ತದೆ. ಜಪ್ತಿಗೆ ಮುನ್ನ ಪೊಲೀಸರು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರರ ಅಭಿಪ್ರಾಯ ಪಡೆಯಬೇಕು, ಜಪ್ತಿ ಮಾಡುವವರು ಡಿವೈಎಸ್‌ಪಿ ದರ್ಜೆಗೆ ಕಡಿಮೆಯವರಾಗಿರಬಾರದು. ಕಸ್ಟಮ್ಸ್‌ನ ಗುಪ್ತಚರ ಕೆಲಸ 1957ರಲ್ಲಿ ಸ್ಥಾಪನೆಯಾದ ಕಂದಾಯ ಗುಪ್ತಚರ ನಿರ್ದೇಶನಾಲಯದ್ದು. ಇಂಟರ್‌ಪೋಲ್‌ನೊಡನೆ ವ್ಯವಹರಿಸುವುದು ಸಿಬಿಐ. ರಾಜ್ಯ ಪೊಲೀಸರ ಕೋರಿಕೆಗಳು ಅದರ ಮೂಲಕವೇ ಹೋಗಬೇಕು. ಈ ಹಾದಿಯನ್ನು ಚುರುಕುಗೊಳಿಸಲು 2025ರ ಜನವರಿಯಲ್ಲಿ ‘ಭಾರತ್‌ಪೋಲ್’ ಜಾಲತಾಣ ಆರಂಭವಾಯಿತು.

ಕರ್ನಾಟಕವು ಗೂಂಡಾ ಕಾಯ್ದೆ ಎಂದೇ ಪರಿಚಿತವಾದ ತನ್ನ 1985ರ ಕಾನೂನನ್ನು 2014ರಲ್ಲಿ ತಿದ್ದಿ ವಿಡಿಯೊ, ಆಡಿಯೊ ಪೈರಸಿಯನ್ನು ಅದರೊಳಗೆ ತಂದಿತು. ಕನ್ನಡ ಚಿತ್ರದ ಕಳ್ಳಪ್ರತಿ ಹೊರದೇಶದ ಸರ್ವರಿನಲ್ಲಿ ಕುಳಿತಾಗ ಆ ಕಾನೂನಿನ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಭೌಗೋಳಿಕ ಸೂಚಿಯಲ್ಲೂ ಇಂಥದೇ ಅಸಮತೆ. ಟ್ರಿಪ್ಸ್‌ನ 23ನೆಯ ವಿಧಿಯ ಬಿಗಿ ರಕ್ಷಣೆ ದ್ರಾಕ್ಷಾರಸ ಮತ್ತು ಮದ್ಯಕ್ಕೆ ಮಾತ್ರ. ಮೈಸೂರು ರೇಷ್ಮೆ, ಡಾರ್ಜಿಲಿಂಗ್ ಚಹಾಗಳಿಗೆ 22ನೆಯ ವಿಧಿಯ ಸಾಮಾನ್ಯ ರಕ್ಷಣೆಯಷ್ಟೇ. ಅಲ್ಲಿ ಗಿರಾಕಿ ಮೋಸಹೋಗುವ ಸಾಧ್ಯತೆಯನ್ನು ಸಾಬೀತುಪಡಿಸಬೇಕು. ಬಿಗಿ ರಕ್ಷಣೆಯನ್ನು ಎಲ್ಲ ಸರಕಿಗೂ ವಿಸ್ತರಿಸಬೇಕೆಂಬ ಭಾರತದ ಬೇಡಿಕೆ ಹಾಗೆಯೇ ಉಳಿದಿದೆ.

ಇಂದಿನ ಸ್ಥಿತಿ

ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಒಇಸಿಡಿ) ಹಾಗೂ ಯುರೋಪಿಯನ್ ಬೌದ್ಧಿಕ ಆಸ್ತಿ ಕಚೇರಿಯ 2025ರ ಜಂಟಿ ಅಂದಾಜಿನ ಪ್ರಕಾರ 2021ರಲ್ಲಿ ಗಡಿ ದಾಟಿದ ನಕಲಿ ಸರಕಿನ ಮೌಲ್ಯ 467 ಶತಕೋಟಿ ಡಾಲರ್, ಅಂದರೆ ವಿಶ್ವ ಆಮದಿನ ಶೇ. 2.3. ಬಟ್ಟೆ, ಪಾದರಕ್ಷೆ, ಚರ್ಮದ ವಸ್ತುಗಳ ಪಾಲು ಅದರಲ್ಲಿ ಹೆಚ್ಚು. 2019ರ ವರದಿ 2016ಕ್ಕೆ 509 ಶತಕೋಟಿ ಡಾಲರ್ ಎಂದಿತ್ತು. ಈ ಅಂಕಿಗಳು ಜಪ್ತಿಯ ದಾಖಲೆಗಳಿಂದ ಲೆಕ್ಕಹಾಕಿದವು. ಯಾವ ದೇಶ ಹೆಚ್ಚು ಹುಡುಕುತ್ತದೋ ಅಲ್ಲಿ ಹೆಚ್ಚು ಸಿಗುವುದರಿಂದ, ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಎಚ್ಚರ ಬೇಕು.

ಮುಕ್ತ ವ್ಯಾಪಾರ ವಲಯಗಳು ಸರಕಿನ ಮೂಲ ಮರೆಮಾಚಲು, ಲೇಬಲ್ ಅಂಟಿಸಲು ಬಳಕೆಯಾಗುತ್ತಿರುವುದನ್ನು ಕಂಡು ಒಇಸಿಡಿ 2019ರಲ್ಲಿ ಅವುಗಳ ಪಾರದರ್ಶಕತೆಗೆ ಶಿಫಾರಸು ಅಂಗೀಕರಿಸಿತು. 2020ರ ಜುಲೈನಲ್ಲಿ ಜಾರಿಯಾದ ಅಮೆರಿಕ–ಮೆಕ್ಸಿಕೊ–ಕೆನಡಾ ಒಪ್ಪಂದ ಈ ವಲಯಗಳಲ್ಲೂ ಕಸ್ಟಮ್ಸ್ ತಾನಾಗಿಯೇ ಕ್ರಮ ಕೈಗೊಳ್ಳುವ ಅಧಿಕಾರ ಹೊಂದಿರಬೇಕೆನ್ನುತ್ತದೆ. ಬಹುಪಕ್ಷೀಯ ಯತ್ನಗಳು ನಿಂತ ಮೇಲೆ ಹೊಸ ನಿಯಮಗಳು ಹೀಗೆ ದ್ವಿಪಕ್ಷೀಯ ಹಾಗೂ ಪ್ರಾದೇಶಿಕ ವ್ಯಾಪಾರ ಒಪ್ಪಂದಗಳ ಮೂಲಕವೇ ಬರುತ್ತಿವೆ. ಅಮೆರಿಕ ಮತ್ತು ಚೀನಾ 2020ರ ಜನವರಿಯಲ್ಲಿ ಮಾಡಿಕೊಂಡ ಮೊದಲ ಹಂತದ ಒಪ್ಪಂದದಲ್ಲೂ, ಭಾರತ ಮತ್ತು ಬ್ರಿಟನ್ 2025ರ ಜುಲೈನಲ್ಲಿ ಸಹಿ ಹಾಕಿದ ಒಪ್ಪಂದದಲ್ಲೂ ಬೌದ್ಧಿಕ ಆಸ್ತಿಯ ಅಧ್ಯಾಯವಿದೆ.

ಆನ್‌ಲೈನ್ ಮಾರಾಟ ಸಾಗಣೆಯ ರೂಪವನ್ನೇ ಬದಲಿಸಿದೆ. ಕಂಟೇನರಿನ ಬದಲು ಅಂಚೆ ಹಾಗೂ ಕೊರಿಯರ್ ಪಾರ್ಸೆಲುಗಳಲ್ಲಿ ಒಂದೆರಡು ವಸ್ತುಗಳು ನೇರವಾಗಿ ಗಿರಾಕಿಯ ಮನೆಗೆ ಬರುತ್ತವೆ; 10 ದಿನಗಳ ತಡೆ, ಮೊಕದ್ದಮೆ ಎಂಬ ಟ್ರಿಪ್ಸ್‌ನ ನಡಾವಳಿ ಇಂಥ ಒಂದು ಜೊತೆ ಬೂಟಿಗೆ ಹೊಂದುವುದಿಲ್ಲ. ಯುರೋಪಿನ 608/2013 ನಿಯಮ, ಮೂರು ಅಥವಾ ಅದಕ್ಕಿಂತ ಕಡಿಮೆ ವಸ್ತುಗಳಿರುವ ಇಲ್ಲವೇ 2 ಕಿಲೋಗಿಂತ ಹಗುರವಾದ ಪಾರ್ಸೆಲನ್ನು ಪ್ರತಿ ಬಾರಿಯೂ ಹಕ್ಕುದಾರನನ್ನು ಕೇಳದೆ ನಾಶಪಡಿಸುವ ಸರಳ ವಿಧಾನ ತಂದಿತು. 800 ಡಾಲರಿನೊಳಗಿನ ಪಾರ್ಸೆಲಿಗೆ ಕೊಡುತ್ತಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿತು. ಮಾರಾಟ ವೇದಿಕೆಗಳ ಹೊಣೆಯ ಬಗ್ಗೆ ನ್ಯಾಯಾಲಯಗಳು ಒಮ್ಮತಕ್ಕೆ ಬಂದಿಲ್ಲ. ಟಿಫಾನಿ ಮೊಕದ್ದಮೆಯಲ್ಲಿ (2010) ಅಮೆರಿಕದ ಮೇಲ್ಮನವಿ ನ್ಯಾಯಾಲಯ ಇಬೇ ಪರವಾಗಿ ನಿಂತರೆ, ಲೋರಿಯಲ್ ಮೊಕದ್ದಮೆಯಲ್ಲಿ (2011) ಯುರೋಪಿಯನ್ ನ್ಯಾಯಾಲಯ, ಮಾರಾಟಕ್ಕೆ ಸಕ್ರಿಯವಾಗಿ ನೆರವಾಗುವ ವೇದಿಕೆಗೆ ವಿನಾಯಿತಿಯಿಲ್ಲ ಎಂದಿತು.

ಒಂದು ದೇಶದ ತೀರ್ಪನ್ನು ಇನ್ನೊಂದು ದೇಶದಲ್ಲಿ ಜಾರಿಗೊಳಿಸುವ ಪ್ರಶ್ನೆ ಇತ್ಯರ್ಥವಾಗಿಲ್ಲ. ವಿದೇಶೀ ಸಿವಿಲ್ ತೀರ್ಪುಗಳನ್ನು ಪರಸ್ಪರ ಮಾನ್ಯ ಮಾಡುವ 2019ರ ಹೇಗ್ ಒಪ್ಪಂದ 2023ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದಾಗ, ಅದರ 2ನೆಯ ವಿಧಿ ಬೌದ್ಧಿಕ ಆಸ್ತಿಯನ್ನು ವ್ಯಾಪ್ತಿಯ ಹೊರಗಿಟ್ಟಿತ್ತು. ನಕಲಿ ಸರಕಿನ ಮಾರಾಟಗಾರನ ಮೇಲೆ ಒಂದು ದೇಶದಲ್ಲಿ ಗೆದ್ದ ಹಕ್ಕುದಾರ, ಆತನ ಆಸ್ತಿ ಇನ್ನೊಂದು ದೇಶದಲ್ಲಿದ್ದರೆ, ವಿಶೇಷ ಒಪ್ಪಂದವಿಲ್ಲದ ಕಡೆ ಅಲ್ಲಿ ಹೊಸದಾಗಿ ದಾವೆ ಹೂಡಬೇಕಾಗುತ್ತದೆ.